ನಡುವಯಸ್ಸಿನ ಹೊಸ ಕಸುಬು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮಕ್ಕಳಿಗೆ ಬುದ್ಧಿ ಹೇಳಲೆಂದು ಹುಟ್ಟಿದ ಈ ಗಾದೆಯನ್ನು ನಲವತ್ತು ದಾಟಿದವರು ತಮಗೇ ಹೇಳಿಕೊಂಡು ಸಮಾಧಾನಪಡುವುದೂ ಉಂಟು. ನಾನೂ ಆ ಸಾಲಿಗೆ ಸೇರಿದವನೇ. ಮಂಗಳೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕುಳಿತು, ಅನ್ಯರ ಆದಾಯ ವೆಚ್ಚಗಳನ್ನು ಕೂಡಿ ಕಳೆದು, ಸಾಯಂಕಾಲ ಮನೆಗೆ ಬಂದು ಪತ್ರಿಕೆ ಓದಿ ಮಲಗುವುದರಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಕೆಲಸದಲ್ಲಿ ಕಷ್ಟವಿತ್ತೆಂದಲ್ಲ, ಸಂಬಳ ತಿಂಗಳಿಗೆ ತಪ್ಪುತ್ತಿರಲಿಲ್ಲ. ಆದರೂ ನಲವತ್ತಾರನೆಯ ವಯಸ್ಸಿನಲ್ಲಿ ಒಂದು ದಿನ ರಾಜೀನಾಮೆಯ ಕಾಗದ ಬರೆದು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ಹಳೆಯ ಮನೆತನಗಳ ಕಡತಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಓದಿ, ಅವುಗಳಿಂದ ಊರಿನ ಚರಿತ್ರೆ ಬರೆಯಬೇಕೆಂಬ ಹುಚ್ಚು ಆಗಲೇ ಹತ್ತಿತ್ತು.

ನನ್ನ ಹೆಂಡತಿ ಶಾಲೆಯ ಅಧ್ಯಾಪಿಕೆ. ಕಾಗದವನ್ನು ಎರಡು ಸಲ ಓದಿ, ಮಡಚಿ ಮೇಜಿನ ಮೇಲಿಟ್ಟು, “ಲೆಕ್ಕ ಹಾಕಿ ನೋಡಿದ್ದೀರಾ?” ಎಂದಳು. ಅಷ್ಟೇ. ಇಪ್ಪತ್ತೆರಡು ವರ್ಷ ಊರವರೆಲ್ಲರ ಲೆಕ್ಕ ಹಾಕಿದವನು ಮನೆಯ ಲೆಕ್ಕ ಹಾಕಿರಲಿಲ್ಲ. ಮಗಳು ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಕಾಗದ ನಾಲ್ಕು ತಿಂಗಳು ಮೇಜಿನ ಖಾನೆಯಲ್ಲೇ ಉಳಿಯಿತು.

ಆ ನಾಲ್ಕು ತಿಂಗಳಲ್ಲಿ ನಾನು ಮಾಡಿದ ಕೆಲಸದ ವೃತ್ತಾಂತವೇ ಈ ಲೇಖನ. ನಡುವಯಸ್ಸಿನಲ್ಲಿ ಕಸುಬು ಬದಲಿಸಿದವರು ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೇ, ಅವರು ಏನನ್ನು ಬಿಟ್ಟರು, ಏನನ್ನು ಹಿಡಿದುಕೊಂಡರು, ಯಾರ ಆಸರೆಯಿಂದ ನಿಂತರು ಎಂದು ತಿಳಿಯುವ ಆಸೆಯಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಊರುಗಳ ದಾರಿ ಹಿಡಿದೆ. ಭಾನುವಾರಗಳೂ ಉಳಿದಿದ್ದ ರಜೆಗಳೂ ಇದಕ್ಕೇ ಸಂದವು.

ಮೊದಲ ನಿಲ್ದಾಣ ಬಂಟ್ವಾಳ ಪೇಟೆಯ ನಮ್ಮ ಹಳೆಯ ಮನೆ. ಈಗಿನವರಿಗೆ ಬಂಟ್ವಾಳವೆಂದರೆ ಬಿ.ಸಿ. ರೋಡಿನ ಬಸ್ಸುಗಳ ಗದ್ದಲ. ನಿಜವಾದ ಹಳೆಯ ಪೇಟೆ ಇರುವುದು ನೇತ್ರಾವತಿಯ ದಡದಲ್ಲಿ, ನದಿಗೆ ಬೆನ್ನು ಹಾಕಿ ಸಾಲಾಗಿ ನಿಂತ ಅಂಗಡಿಮನೆಗಳ ಬೀದಿಯಲ್ಲಿ. ಘಟ್ಟದ ಮೇಲಿಂದ ಎತ್ತುಗಳ ಬೆನ್ನ ಮೇಲೆಯೂ ಗಾಡಿಗಳಲ್ಲಿಯೂ ಇಳಿದ ಸರಕು ಇಲ್ಲಿಗೆ ಬಂದು, ದೋಣಿಯೇರಿ ಮಂಗಳೂರಿನ ಬಂದರಕ್ಕೆ ಹೋಗುತ್ತಿತ್ತು. ಕಾಫಿ, ಅಡಿಕೆ, ಮೆಣಸು, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ ಕೆಳಗೆ ಇಳಿದರೆ, ಉಪ್ಪು, ಒಣಮೀನು, ಬಟ್ಟೆಬರೆ ಮೇಲಕ್ಕೆ ಏರುತ್ತಿದ್ದವು. ನನ್ನ ಅಜ್ಜನಿಗೆ ಅಲ್ಲೊಂದು ಅಕ್ಕಿಯ ಅಂಗಡಿಯಿತ್ತು, ಒಂದು ದೋಣಿಯಲ್ಲಿ ಪಾಲಿತ್ತು. ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿ ಅವರ ಲೆಕ್ಕದ ಪುಸ್ತಕ ಸಿಕ್ಕಿತು. ಮೋಡಿ ಅಕ್ಷರ, ರೂಪಾಯಿ-ಆಣೆ-ಪೈಗಳ ಮೂರು ಸಾಲು, ಒಂದೆಡೆಯೂ ಚಿತ್ತಿಲ್ಲ.

ಪುಸ್ತಕದ ಲೆಕ್ಕ ೧೯೨೩ರ ಆಟಿ ತಿಂಗಳಲ್ಲಿ ನಿಂತಿದೆ. ಆ ವರ್ಷದ ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿಗಳನ್ನು ಮುಳುಗಿಸಿತು. ತುಳುವಿನಲ್ಲಿ ಆ ಪ್ರವಾಹಕ್ಕೆ ‘ಮಾರಿಬೊಳ್ಳ’ ಎಂದೇ ಹೆಸರು. ಅರ್ಧ ಶತಮಾನದ ಮೇಲೆ ೧೯೭೪ರಲ್ಲಿ ಇನ್ನೊಂದು ಮಾರಿಬೊಳ್ಳ ಬಂತು; ಆದರೆ ಹಳಬರ ಬಾಯಲ್ಲಿ ಕಾಲಗಣನೆಗೆ ಆಧಾರವಾದುದು ಮೊದಲನೆಯದೇ. ಅಜ್ಜನ ಅಂಗಡಿಯ ಅಕ್ಕಿ ನೀರು ಕುಡಿದು ಮೊಳೆಯಿತು, ದೋಣಿ ಕಾಣದೆ ಹೋಯಿತು. ಆಗ ಅವರಿಗೆ ನಲವತ್ತೊಂದು. ಸಾಲಗಾರರಿಗೆ ಮನೆಯ ಹಿತ್ತಾಳೆ ಪಾತ್ರೆಗಳವರೆಗೂ ಕೊಟ್ಟು ತೀರಿಸಿ, ಮರುವರ್ಷ ನಾಲ್ಕಾರು ಮೈಲು ದೂರದ ಒಂದು ಚಿಕ್ಕ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಐಗಳಾದರು. ಮನೆಯಲ್ಲಿ ಇದನ್ನು ಹೇಳುವಾಗ ಯಾವಾಗಲೂ “ಪಾಪ, ಅಜ್ಜ ಐಗಳಾಗಬೇಕಾಯಿತು” ಎಂದೇ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಪುಸ್ತಕದ ಹಾಳೆಗಳನ್ನು ಮುಂದೆ ಮಗುಚಿದಾಗ ಬೇರೆಯೇ ಸಂಗತಿ ಕಾಣಿಸಿತು. ಖಾಲಿ ಉಳಿದ ಹಾಳೆಗಳನ್ನು ಅಜ್ಜ ಹಾಳುಮಾಡಿರಲಿಲ್ಲ. ಅದೇ ಅಕ್ಷರದಲ್ಲಿ, ಅದೇ ಮಸಿಯಲ್ಲಿ, ಮಕ್ಕಳಿಗಾಗಿ ಬಾಯಿಲೆಕ್ಕಗಳನ್ನು ಬರೆದಿದ್ದರು. ನೂರಾರು ಲೆಕ್ಕಗಳು. ಒಂದರಲ್ಲಿಯೂ ಪಠ್ಯಪುಸ್ತಕದ ರಾಮ ಸೋಮರಿಲ್ಲ, ಮಾವಿನಹಣ್ಣಿಲ್ಲ. ಎಲ್ಲವೂ ಮುಡಿ, ದೋಣಿ, ಸುಂಕ, ಬಡ್ಡಿ. ‘ಒಂದು ದೋಣಿಯಲ್ಲಿ ೪೦ ಮುಡಿ ಅಕ್ಕಿ. ಅಸಲು ೨೦೦ ರೂಪಾಯಿ. ದಾರಿಯಲ್ಲಿ ೧೫ ಮುಡಿ ನೀರು ಕುಡಿದು ಕೆಟ್ಟಿತು. ಉಳಿದುದನ್ನು ಮುಡಿಗೆ ೬ ರೂಪಾಯಿಯಂತೆ ಮಾರಿದರೆ ನಷ್ಟವೆಷ್ಟು? ನಷ್ಟವಿಲ್ಲದಂತೆ ಮಾರುವುದಾದರೆ ಮುಡಿಗೆ ಎಷ್ಟು ಹೇಳಬೇಕು?’ ಹೀಗೆ. ಅಂಗಡಿ ಮುಳುಗಿದರೂ ಅಂಗಡಿಯಲ್ಲಿ ಕಲಿತದ್ದು ಮುಳುಗಿರಲಿಲ್ಲ. ಅದನ್ನು ಅಜ್ಜ ಹೆಗಲ ಮೇಲೆ ಹೊತ್ತು ಶಾಲೆಗೆ ತಂದಿದ್ದರು. ಈ ಹಾಳೆಗಳನ್ನು ಬರೆದವನು ದುಃಖದಿಂದ ಬರೆದಿದ್ದಾನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇದೇ ದಾರಿಯಲ್ಲಿ, ಅಜ್ಜನಿಗಿಂತ ನೂರಿಪ್ಪತ್ತು ವರ್ಷ ಹಿಂದೆ, ಕಸುಬು ಬದಲಿಸಿಕೊಂಡಿದ್ದ ಇನ್ನೊಬ್ಬ ಮನುಷ್ಯ ನಡೆದುಹೋಗಿದ್ದ. ಅವನ ಹೆಸರು ಫ್ರಾನ್ಸಿಸ್ ಬುಕಾನನ್. ಸ್ಕಾಟ್ಲೆಂಡಿನವನು, ೧೭೬೨ರ ಫೆಬ್ರವರಿ ೧೫ರಂದು ಹುಟ್ಟಿದವನು. ಎಡಿನ್‌ಬರೋದಲ್ಲಿ ವೈದ್ಯ ಕಲಿತು, ಹಡಗುಗಳಲ್ಲಿ ವೈದ್ಯನಾಗಿ ಸುತ್ತಿ, ೧೭೯೪ರಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ಬಂಗಾಳದ ವೈದ್ಯ ಇಲಾಖೆಯನ್ನು ಸೇರಿದ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಗಳಲ್ಲಿ ಏನು ಬೆಳೆಯುತ್ತದೆ, ಯಾರು ಏನು ಕಸುಬು ಮಾಡುತ್ತಾರೆ, ತೆರಿಗೆ ಎಷ್ಟು ಹುಟ್ಟೀತು ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನು ನೇಮಿಸಿದ. ೧೮೦೦ರ ಏಪ್ರಿಲ್ ೨೩ರಂದು ಮದರಾಸಿನಿಂದ ಹೊರಟವನು ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ ಮರುವರ್ಷ ಜುಲೈಗೆ ತಿರುಗಾಟ ಮುಗಿಸಿದ. ಆ ತಿರುಗಾಟದಲ್ಲೇ ಅವನಿಗೆ ೩೯ ತುಂಬಿತು. ಮಂಗಳೂರಿನಿಂದ ಬಂಟ್ವಾಳ, ಅಲ್ಲಿಂದ ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಎಂದು ಅವನ ದಾರಿ ಸಾಗುತ್ತದೆ. ಪುಸ್ತಕ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಆ ಪುಸ್ತಕವನ್ನು ಕುಂಪಣಿ ತನ್ನ ಲಾಭಕ್ಕಾಗಿ ಬರೆಸಿತು, ಅದರಲ್ಲಿ ಸಂದೇಹವಿಲ್ಲ. ಅವನ ಕೆಲವು ಅಭಿಪ್ರಾಯಗಳು ನಮಗೆ ಇಂದು ಹಿತವಾಗವು. ಆದರೆ ನನ್ನ ಗಮನ ಸೆಳೆದುದು ಅವನ ಕಣ್ಣು. ರೋಗಿಯ ನಾಡಿ ಹಿಡಿದು, ನಾಲಗೆ ನೋಡಿ, ಊಟ ನಿದ್ದೆಗಳನ್ನು ಕೇಳಿ ತಿಳಿಯುವ ವೈದ್ಯನ ಅಭ್ಯಾಸವನ್ನೇ ಅವನು ಹೊಲಕ್ಕೆ ತಂದ. ನಮ್ಮ ತುಳುನಾಡಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವುದನ್ನು ಅವನು ಕೇಳಿ ಬರೆದುಕೊಂಡ. ಯಾವುದರಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಗೇಣಿ ಹೇಗೆ, ಮೂಲಗೇಣಿಗೂ ಇತರ ಗೇಣಿಗೂ ಭೇದವೇನು, ಇದನ್ನೆಲ್ಲ ವಿಚಾರಿಸಿದ. ಮುಂದೆ ಬಂಗಾಳದ ಸಮೀಕ್ಷೆಯನ್ನು ಮಾಡಿದ, ಗಂಗಾನದಿಯ ಮೀನುಗಳ ಬಗ್ಗೆ ಪುಸ್ತಕ ಬರೆದ. ಹಡಗಿನ ವೈದ್ಯನಾಗಿಯೇ ಉಳಿದಿದ್ದರೆ ಅವನ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದರೆ ವೈದ್ಯನಾಗಿರದಿದ್ದರೆ ಅವನು ಅಂಥ ಪುಸ್ತಕ ಬರೆಯುತ್ತಲೂ ಇರಲಿಲ್ಲ.

ವಾಚಕರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಬುಕಾನನ್ನನ ಬೆನ್ನಿಗೆ ಕುಂಪಣಿಯ ಖಜಾನೆಯಿತ್ತು, ದೊಡ್ಡವರ ಅಪ್ಪಣೆಯಿತ್ತು. ಕೂಲಿನಾಲಿ ಮಾಡುವವನು ನಡುವಯಸ್ಸಿನಲ್ಲಿ ಕಸುಬು ಬದಲಿಸುವುದೆಂದರೆ ಹಾಗೆಯೇ? ನ್ಯಾಯವಾದ ಆಕ್ಷೇಪ. ಅದಕ್ಕೆ ಉತ್ತರ ಹುಡುಕಿಕೊಂಡು, ಬೆಳ್ತಂಗಡಿಯ ದಾರಿ ಹಿಡಿಯುವ ಮೊದಲು, ಬಂಟ್ವಾಳ ತಾಲೂಕಿನ ತೆಂಕಣ ಅಂಚಿಗೆ, ಕೇರಳದ ಗಡಿಗೆ ತಾಗಿದ ಅಡ್ಯನಡ್ಕದ ಕಡೆಗೆ ಹೋದೆ. ಅಲ್ಲಿಯ ಕೇಪು ಗ್ರಾಮದಲ್ಲಿ ಅಮೈ ಎಂಬ ಜಾಗ. ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ಈಗ ದೇಶವೇ ಬಲ್ಲದು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕತೆ ಮಾತ್ರ ಅದಕ್ಕಿಂತ ನಲವತ್ತು ವರ್ಷ ಹಿಂದಿನದು.

ಮಹಾಲಿಂಗ ನಾಯ್ಕರು ಪರರ ತೋಟಗಳಲ್ಲಿ ಅಡಿಕೆ ತೆಂಗಿನ ಮರ ಹತ್ತುವ ಕೂಲಿ. ಆ ಕೆಲಸದಲ್ಲಿ ನಿಪುಣರೆಂದು ಹೆಸರು ಪಡೆದವರು. ಮರ ಹತ್ತುವ ಕಸುಬಿಗೆ ಒಂದು ವಯಸ್ಸು ಎಂಬುದುಂಟು. ಮೊಣಕಾಲು ಸೋತ ದಿನ ಅನ್ನ ಸೋತಂತೆ. ೧೯೭೮ರಲ್ಲಿ ಅವರು ಕೆಲಸ ಮಾಡುತ್ತಿದ್ದ ಜಮೀನುದಾರರು ಎರಡು ಎಕರೆ ಗುಡ್ಡದ ಜಾಗವನ್ನು ಅವರಿಗೆ ಕೊಟ್ಟರು. ಜಾಗವೇನೋ ಬಂತು, ನೀರಿಲ್ಲ. ಕಡಿದಾದ ಇಳಿಜಾರು, ಮುರಕಲ್ಲು, ಒಣಹುಲ್ಲು. ಬಾವಿ ತೋಡಿಸುವುದಕ್ಕೂ ಪಂಪು ಇಡುವುದಕ್ಕೂ ಹಣವೆಲ್ಲಿ?

ನಮ್ಮ ಗಡಿನಾಡಿನಲ್ಲಿ ಒಂದು ಹಳೆಯ ಪದ್ಧತಿಯಿದೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರದ ಸುರಂಗ ಕೊರೆಯುವುದು. ಮಳೆನೀರು ಮುರಕಲ್ಲಿನ ಪದರಗಳಲ್ಲಿ ಇಂಗಿ ಒಳಗೆಲ್ಲೋ ತಂಗಿರುತ್ತದೆ. ಸುರಂಗ ಅಲ್ಲಿಗೆ ತಲಪಿದರೆ ನೀರು ತಾನಾಗಿ ಜಿನುಗಿ ಹೊರಗೆ ಹರಿಯುತ್ತದೆ. ಎತ್ತುವ ಯಂತ್ರ ಬೇಡ, ವಿದ್ಯುತ್ತು ಬೇಡ. ಬೇಕಾದುದು ಪಿಕ್ಕಾಸು, ಬುಟ್ಟಿ, ಎದೆಗಾರಿಕೆ. ಕಾಸರಗೋಡಿನ ಕಡೆಯಲ್ಲಿಯೂ ಬಂಟ್ವಾಳ ಪುತ್ತೂರುಗಳ ಗುಡ್ಡಗಳಲ್ಲಿಯೂ ಇಂಥ ಸುರಂಗಗಳು ಇಂದಿಗೂ ತೋಟಗಳಿಗೆ ನೀರುಣಿಸುತ್ತಿವೆ. ಸಾಮಾನ್ಯವಾಗಿ ಸುರಂಗ ಕೊರೆಯುವ ಕೆಲಸಕ್ಕೆ ಇಬ್ಬರು ಮೂವರು ಬೇಕು: ಒಬ್ಬ ಅಗೆಯಲು, ಒಬ್ಬ ಮಣ್ಣು ಹೊರಲು. ಮಹಾಲಿಂಗ ನಾಯ್ಕರು ಒಬ್ಬರೇ. ಹಗಲೆಲ್ಲ ಕೂಲಿ, ಕೂಲಿ ಮುಗಿಸಿ ಬಂದು ದೀಪ ಹಚ್ಚಿಕೊಂಡು ರಾತ್ರಿ ಗುಡ್ಡ ಅಗೆಯುವುದು. ಒಂದು ಸುರಂಗ ಒಣಗಿತು. ಎರಡನೆಯದೂ ಒಣಗಿತು. ಹೀಗೆ ಐದು ಸುರಂಗಗಳು ವ್ಯರ್ಥವಾದವು. ವರ್ಷಗಳು ಕಳೆದವು, ನೋಡಿದವರು ನಕ್ಕರು. ಆರನೆಯದರಲ್ಲಿ ನೀರು ಬಂತು.

ಆ ನೀರಿನ ಮೇಲೆ ಅಡಿಕೆ ನೆಟ್ಟರು, ತೆಂಗು, ಬಾಳೆ, ಮೆಣಸಿನ ಬಳ್ಳಿ ನೆಟ್ಟರು. ಇಳಿಜಾರು ಕುಸಿಯದಂತೆ ಮುರಕಲ್ಲುಗಳನ್ನು ತಾವೇ ಹೊತ್ತು ತಂದು ಕಟ್ಟೆ ಕಟ್ಟಿದರು. ಮಳೆನೀರು ಇಂಗಲೆಂದು ಗುಡ್ಡದಲ್ಲಿ ಗುಂಡಿಗಳನ್ನು ತೋಡಿದರು. ಪರರ ಮರ ಹತ್ತುತ್ತಿದ್ದವರು ತಮ್ಮದೇ ಮರಗಳ ಕೆಳಗೆ ನಿಂತರು. ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಛಲದ ಕತೆಯಾದೀತು, ಶಾಲೆಯ ವಾರ್ಷಿಕೋತ್ಸವದ ಭಾಷಣಕ್ಕೆ ಸಾಕಾದೀತು. ಆದರೆ ಚರಿತ್ರೆ ಓದುವವನು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ತೋಟದ ಬದುಕನ್ನು ಆಳಾಗಿ ವರ್ಷಗಟ್ಟಲೆ ಕಂಡವರಿಗೆ ಅಡಿಕೆಗೆ ಏನು ಬೇಕು, ನೆರಳೆಷ್ಟು, ನೀರೆಷ್ಟು ಎಂಬುದು ಕೈಯಲ್ಲೇ ತಿಳಿದಿತ್ತು. ಇದು ಒಂದು. ಎರಡನೆಯದು, ಆ ಎರಡು ಎಕರೆ. ಕಾಲಿಡಲು ನೆಲ ಸಿಗದೆ ಹೋಗಿದ್ದರೆ ಅಷ್ಟೂ ಛಲ ಪರರ ಮರದ ತುದಿಯಲ್ಲೇ ಮುದಿಯಾಗುತ್ತಿತ್ತು.

ಈ ಎರಡನೆಯ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂಟ್ವಾಳಕ್ಕೆ ಮರಳಿ, ಬುಕಾನನ್ನನ ದಾರಿಯಲ್ಲೇ ಬೆಳ್ತಂಗಡಿಗೆ ಹೋದೆ. ಬೆಳ್ತಂಗಡಿಯ ಹತ್ತಿರ ಬಂದಂತೆ ಗಡಾಯಿಕಲ್ಲು ಕಣ್ಣಿಗೆ ಬೀಳುತ್ತದೆ. ಹಿಂದೆ ನರಸಿಂಹಗಡವೆನಿಸಿದ್ದ ಈ ಬಂಡೆಯ ಮೇಲೆ ಟಿಪ್ಪು ಸುಲ್ತಾನ ೧೭೯೪ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದ. ಐದು ವರ್ಷಗಳಲ್ಲಿ ಕೋಟೆ ಕೈಬದಲಾಯಿತು. ರಾಜ್ಯಗಳು ಕೈಬದಲಾದರೂ ಕೆಳಗಿನ ಗದ್ದೆಗಳಲ್ಲಿ ಗೇಣಿಯ ಒಕ್ಕಲು ಮುಡಿ ಅಳೆಯುವುದು ಮಾತ್ರ ನಿಲ್ಲಲಿಲ್ಲ. ಬುಕಾನನ್ ಕಂಡ ಗೇಣಿ ಪದ್ಧತಿ ಅವನ ನಂತರ ನೂರೆಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿತು. ಮೂಲಗೇಣಿಯವನಿಗೆ ಒಂದಿಷ್ಟು ಭದ್ರತೆ; ಚಾಲಗೇಣಿಯವನು ಧಣಿಯ ಮನಸ್ಸು ಇದ್ದಷ್ಟು ದಿನ.

೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಇದನ್ನು ತಲೆಕೆಳಗು ಮಾಡಿತು. ದೇವರಾಜ ಅರಸರು ಆಗ ಮುಖ್ಯಮಂತ್ರಿಗಳು. ಉಳುವ ಗೇಣಿದಾರ ಏಳನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು, ತಾಲೂಕಿನ ಭೂನ್ಯಾಯ ಮಂಡಳಿ ವಿಚಾರಿಸಿ ತೀರ್ಮಾನಿಸಬೇಕು. ಮೊದಮೊದಲು ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಧಣಿಯೂ ಒಕ್ಕಲೂ ಎದುರುಬದುರು ನಿಂತು ತಮ್ಮ ಬಾಯಿಂದಲೇ ಹೇಳಬೇಕಿತ್ತು. ತಲೆತಲಾಂತರದಿಂದ ಅಂಗಳದ ಕೆಳಗೆ ನಿಂತು ಮಾತಾಡಿದವರಿಗೆ ಅದು ಎಷ್ಟು ದೊಡ್ಡ ಮಾತು ಎಂಬುದನ್ನು ಪಟ್ಟಣದ ನಾವು ಊಹಿಸುವುದು ಕಷ್ಟ. ನಮ್ಮ ಜಿಲ್ಲೆಯಲ್ಲಿ ನಲವತ್ತು ಐವತ್ತು ಪ್ರಾಯದ ಸಹಸ್ರಾರು ಗೇಣಿದಾರರು ಆ ಒಂದು ಕಾಗದದಿಂದ ಹಿಡುವಳಿದಾರರಾದರು. ಕೆಲಸ ಅದೇ, ಗದ್ದೆ ಅದೇ, ನೇಗಿಲು ಅದೇ. ಆದರೂ ಇದನ್ನು ಕಸುಬಿನ ಬದಲಾವಣೆ ಎಂದೇ ನಾನು ಕರೆಯುತ್ತೇನೆ. ಮುಂದಿನ ವರ್ಷವೂ ಇದೇ ಗದ್ದೆ ತನ್ನ ಪಾಲಿಗೆ ಉಳಿದೀತೇ ಎಂದು ತಿಳಿಯದವನು ತೆಂಗಿನ ಸಸಿ ನೆಡುವುದಿಲ್ಲ. ಬೆಳ್ತಂಗಡಿ ತಾಲೂಕಿನ ಒಬ್ಬ ಹಿರಿಯರು, ಹೆಸರು ಬೇಡವೆಂದವರು, ತಮ್ಮ ತಂದೆಯ ಕತೆ ಹೇಳಿದರು. ಮಂಡಳಿಯ ತೀರ್ಪು ಬಂದ ದಿನ ತಂದೆಗೆ ಐವತ್ತೆರಡು. ಮನೆಗೆ ಬಂದು ಊಟ ಮಾಡಿ, ಸಾಯಂಕಾಲವೇ ಗದ್ದೆಯ ಹುಣಿಯಲ್ಲಿ ಹನ್ನೆರಡು ತೆಂಗಿನ ಗುಂಡಿ ತೋಡಿದರಂತೆ. “ಅಷ್ಟು ವರ್ಷ ಅವರಿಗೆ ಏಣೆಲು ಸುಗ್ಗಿ ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ, ಮಾರಾಯ್ರೇ. ಆವತ್ತಿನಿಂದ ಇಪ್ಪತ್ತು ವರ್ಷ ಮುಂದಿನ ಮಾತು ಆಡತೊಡಗಿದರು” ಎಂದರು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಗೇಣಿಯ ಅಕ್ಕಿಯನ್ನೇ ನಂಬಿದ್ದ ಮನೆಗಳಲ್ಲಿ ಶ್ರೀಮಂತರಷ್ಟೇ ಇರಲಿಲ್ಲ. ವಿಧವೆಯರು, ಚಿಕ್ಕ ಹಿಡುವಳಿಯವರು, ಪೂಜೆ ಪುರಸ್ಕಾರದ ಬಡವರೂ ಇದ್ದರು. ಅಂಥ ಮನೆಗಳ ನಲವತ್ತರ ಗಂಡಸರು ಮುಂಬಯಿ ಬೆಂಗಳೂರುಗಳ ಹೋಟೆಲುಗಳ ಗಲ್ಲೆಯಲ್ಲಿ ಹೋಗಿ ಕುಳಿತರು. ಅವರ ಬದಲಾವಣೆಯನ್ನು ಯಾರೂ ಸಾರ್ಥಕವೆನ್ನಲಿಲ್ಲ. ಕೆಲವರಿಗೆ ಅದೂ ಒಗ್ಗಿತು, ಕೆಲವರು ಕೊನೆಯವರೆಗೂ ಹಳೆಯ ಕಣಜದ ಮಾತನ್ನೇ ಆಡಿದರು. ನ್ಯಾಯವಾದ ಕಾನೂನಿಗೂ ಬೆಲೆ ತೆರುವವರು ಇರುತ್ತಾರೆ.

ಬೆಳ್ತಂಗಡಿಯಿಂದ ಹತ್ತಿರವೇ ಉಜಿರೆ. ನೆಲವಿಲ್ಲದವನಿಗೆ ನೆಲೆ ಕೊಡುವ ಇನ್ನೊಂದು ಪ್ರಯೋಗ ಇಲ್ಲಿ ೧೯೮೨ರಲ್ಲಿ ಮೊದಲಾಯಿತು. ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಕೂಡಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯೊಂದನ್ನು ಸ್ಥಾಪಿಸಿದವು. ಜನರ ಬಾಯಲ್ಲಿ ಅದು ‘ರುಡ್‌ಸೆಟ್’. ಕೆಲವು ದಿನ ಅಥವಾ ಕೆಲವು ವಾರ ಅಲ್ಲಿಯೇ ಉಳಿಸಿಕೊಂಡು, ಊಟ ವಸತಿ ಕೊಟ್ಟು, ಶುಲ್ಕವಿಲ್ಲದೆ ಹೊಲಿಗೆ, ಹೈನುಗಾರಿಕೆ, ಯಂತ್ರ ರಿಪೇರಿ ಮೊದಲಾದ ಕೆಲಸ ಕಲಿಸಿ, ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸುವುದು ಇದರ ಕ್ರಮ. ಇದು ಯುವಕರಿಗೆಂದು ಹುಟ್ಟಿದ್ದಾದರೂ ಸಾಮಾನ್ಯವಾಗಿ ನಲವತ್ತೈದರವರೆಗಿನವರಿಗೆ ಬಾಗಿಲು ತೆರೆದಿದೆ. ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಉಜಿರೆಯ ಮಾದರಿ ಮಾತ್ರ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿತು. ಕಲಿಸಿದ ಕೆಲಸಕ್ಕಿಂತ ನನಗೆ ಹೆಚ್ಚು ಬುದ್ಧಿವಂತಿಕೆಯಾಗಿ ಕಂಡದ್ದು ಆ ಊಟ ವಸತಿಯ ಏರ್ಪಾಡು. ಕಲಿಯುವ ಹತ್ತು ದಿನ ಕೂಲಿ ತಪ್ಪಿದರೆ ಹೊಟ್ಟೆಗೇನು ಎಂಬ ಪ್ರಶ್ನೆಯನ್ನು ಯಾರೋ ಮೊದಲೇ ಯೋಚಿಸಿದ್ದಾರೆ. ನಡುವಯಸ್ಸಿನವನಿಗೆ ಅಡ್ಡಿಯಾಗುವುದು ಬುದ್ಧಿಯ ಮಾಂದ್ಯವಲ್ಲ; ಮನೆಯಲ್ಲಿ ಕಾಯುವ ನಾಲ್ಕು ಬಾಯಿಗಳು.

ಇಲ್ಲಿಂದ ವೇಣೂರು ದಾಟಿ ಮೂಡುಬಿದಿರೆ. ಸಾವಿರ ಕಂಬದ ಬಸದಿಯ ಊರು. ೧೪೩೦ರ ಸುಮಾರಿನ ಆ ಬಸದಿಯನ್ನು ನೋಡಿ ಬಾರದವರು ಕಡಿಮೆ. ನಾನು ಮೊದಲು ಹೋದುದು ಚೌಟರ ಅರಮನೆಗೆ. ಉಳ್ಳಾಲದ ರಾಣಿ ಅಬ್ಬಕ್ಕನ ವಂಶದ ಅರಸರು ಇವರು. ಪುತ್ತಿಗೆಯಲ್ಲಿಯೂ ಆಮೇಲೆ ಮೂಡುಬಿದಿರೆಯಲ್ಲಿಯೂ ಆಳಿದವರು. ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಇಂದಿಗೂ ಇವೆ. ದೊಡ್ಡ ರಾಜ್ಯಗಳ ಏಟಿಗೆ ಅಧಿಕಾರ ಕಳೆದುಕೊಂಡ ಈ ಮನೆತನಕ್ಕೆ ಕುಂಪಣಿಯ ಆಳ್ವಿಕೆಯಲ್ಲಿ ಉಳಿದದ್ದು ಪಿಂಚಣಿ. ಅರಸುತನದಿಂದ ಪಿಂಚಣಿಗೆ ಇಳಿದವರನ್ನು ನೆನೆಯುತ್ತ ಆ ಕಂಬಗಳ ನಡುವೆ ಬಹಳ ಹೊತ್ತು ಕುಳಿತೆ. ಹೊಟ್ಟೆಗೆ ತೊಂದರೆಯಿಲ್ಲ. ಆದರೆ ನ್ಯಾಯ ಹೇಳುವುದು, ದಂಡು ಕೂಡಿಸುವುದು, ಕೆರೆ ಕಟ್ಟೆ ನೋಡುವುದು, ಇಷ್ಟು ಕಾಲ ಕೈಗೆ ಬಂದ ವಿದ್ಯೆಯೆಲ್ಲ ಒಮ್ಮೆಗೇ ಬೇಡವಾಯಿತು. ಕಾಲಿಗೆ ನೆಲವಿದ್ದೂ ಕೈಗೆ ಕೆಲಸವಿಲ್ಲದ ಸ್ಥಿತಿ ಇದು. ಸಂಬಳ ತಪ್ಪದ ನನ್ನ ಕಚೇರಿಯ ಕುರ್ಚಿ ಯಾಕೋ ನೆನಪಿಗೆ ಬಂತು.

ಇದೇ ಊರಿನಲ್ಲಿ ಕೈಯ ವಿದ್ಯೆ ವ್ಯರ್ಥವಾಗದ ಒಂದು ದೃಷ್ಟಾಂತವೂ ಸಿಗುತ್ತದೆ. ಮೂಡುಬಿದಿರೆಯ ಮಠ ಬಸದಿಗಳಲ್ಲಿ ತಾಡವಾಲೆಯ ಗ್ರಂಥಗಳ ರಾಶಿಯೇ ಇದೆ. ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳು ಉಳಿದು ಬಂದುದು ಇಲ್ಲಿಯೇ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ದೂರದ ಬಿಹಾರದ ಆರಾ ಪಟ್ಟಣದಲ್ಲಿ, ಜೈನ ಸಿದ್ಧಾಂತ ಭವನವೆಂಬ ಗ್ರಂಥಾಲಯದಲ್ಲಿ ದುಡಿದವರು. ಅವರು ಈ ಸೀಮೆಯ ಓಲೆಗಳನ್ನು ಒಂದೊಂದಾಗಿ ಪರಿಶೀಲಿಸಿ ಸಿದ್ಧಪಡಿಸಿದ ತಾಡಪತ್ರೀಯ ಗ್ರಂಥಸೂಚಿಯನ್ನು ಕಾಶಿಯ ಭಾರತೀಯ ಜ್ಞಾನಪೀಠ ೧೯೪೮ರಲ್ಲಿ ಪ್ರಕಟಿಸಿತು. ಪರಸ್ಥಳದ ಕಪಾಟುಗಳ ನಡುವೆ ಪಡೆದ ಅಭ್ಯಾಸ ತನ್ನ ಸೀಮೆಯ ಓಲೆ ಓದುವುದಕ್ಕೆ ಒದಗಿತು. ಹೆಸರು, ಕರ್ತೃ, ಲಿಪಿ, ಓಲೆಗಳ ಸಂಖ್ಯೆ ಎಂದು ಪಟ್ಟಿ ಮಾಡುವ ಕೆಲಸದಲ್ಲಿ ಮೆರವಣಿಗೆಯಿಲ್ಲ. ಆದರೆ ಮುಂದೆ ಬಂದ ವಿದ್ವಾಂಸರಿಗೆ ಆ ಪಟ್ಟಿಯೇ ಬೀಗದ ಕೈಯಾಯಿತು.

ಮೂಡುಬಿದಿರೆಯಿಂದ ಮಂಗಳೂರಿಗೆ ಹಿಂದಿರುಗುವ ಬಸ್ಸಿನಲ್ಲಿ ನಾನು ಕೈಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡೆ. ಬದಲಿಸಿ ಬಾಳಿದವರು ಹಳೆಯ ಕಸುಬನ್ನು ಬಿಟ್ಟರೂ ಅದರಲ್ಲಿ ಕಲಿತದ್ದನ್ನು ಬಿಡಲಿಲ್ಲ, ಇದು ಒಂದು. ಅವರಿಗೆ ಕಾಲಿಡಲು ಯಾರೋ ನೆಲ ಕೊಟ್ಟಿದ್ದರು, ಇದು ಎರಡು. ಕೊಟ್ಟವನು ಧಣಿಯಿರಬಹುದು, ಕಾನೂನಿರಬಹುದು, ಒಂದು ಸಂಸ್ಥೆಯಿರಬಹುದು. ಒಂದಿದ್ದು ಇನ್ನೊಂದಿಲ್ಲದವರ ಪಾಡನ್ನೂ ಕಂಡಿದ್ದೆ. ಮನಸ್ಸಿಗೆ ಬಂದ ಕೆಲಸವನ್ನೇ ಮಾಡಿ, ಧೈರ್ಯವೊಂದಿದ್ದರೆ ಸಾಕು ಎಂದು ಉಪದೇಶಿಸುವವರು ಈ ಎರಡನೆಯ ಸಾಲನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನನ್ನ ಪಾಲಿಗೆ ನೆಲ ಕೊಡಬೇಕಾದವಳು ನನ್ನ ಹೆಂಡತಿ. ಅವಳ ಸಂಬಳದ ಮೇಲೆ ಮನೆ ನಡೆಯಬೇಕು. ಈ ಮಾತನ್ನು ನೇರವಾಗಿ ಆಡಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಆ ರಾತ್ರಿ ಇಬ್ಬರೂ ಕುಳಿತು ನಿಜವಾಗಿ ಲೆಕ್ಕ ಹಾಕಿದೆವು: ಮಗಳ ಕಾಲೇಜು ಶುಲ್ಕ, ಅಮ್ಮನ ಔಷಧ, ಮನೆಸಾಲದ ಕಂತು, ನನ್ನ ಭವಿಷ್ಯನಿಧಿಯ ಹಣ. ಬೇಡವೆನ್ನಬಹುದಾದ ಖರ್ಚುಗಳನ್ನು ಅವಳು ಒಂದೊಂದಾಗಿ ಹೊಡೆದುಹಾಕಿದಳು. ಅವುಗಳಲ್ಲಿ ಅವಳು ಹತ್ತು ವರ್ಷದಿಂದ ಹೇಳುತ್ತಿದ್ದ ಕಾಶಿಯಾತ್ರೆಯೂ ಇತ್ತು. “ಮೂರು ವರ್ಷ. ಅಷ್ಟರಲ್ಲಿ ಆಗದಿದ್ದರೆ ಯಾವುದಾದರೂ ಅಂಗಡಿಯ ಲೆಕ್ಕ ಬರೆಯಲು ಹೋಗಬೇಕು” ಎಂದಳು. ಒಪ್ಪಿದೆ. ಕಾಗದ ಮರುದಿನ ಕಚೇರಿಗೆ ಹೋಯಿತು.

ಈಗ ಎರಡನೆಯ ವರ್ಷ ನಡೆಯುತ್ತಿದೆ. ಮೊದಲ ವರ್ಷದ ಸಂಪಾದನೆ ಹಿಂದಿನ ಎರಡು ತಿಂಗಳ ಸಂಬಳಕ್ಕೂ ಸಾಲದು. ಆದರೆ ಹಳೆಯ ಮನೆಗಳವರು ಪೆಟ್ಟಿಗೆ ತೆರೆದು ಕೊಡತೊಡಗಿದ್ದಾರೆ. ಗೇಣಿಚೀಟು, ಪಾಲುಪಟ್ಟಿ, ಅಡವಿನ ಪತ್ರ, ಮದುವೆಯ ಖರ್ಚಿನ ಪಟ್ಟಿ. ಚರಿತ್ರೆಯ ಪದವಿ ನನಗಿಲ್ಲ. ಆದರೆ ಕೂಡಿದ್ದು ತಪ್ಪಿದ ಕಡೆ ನನ್ನ ಕಣ್ಣು ತಾನಾಗಿ ನಿಲ್ಲುತ್ತದೆ. ಲೆಕ್ಕ ಎಲ್ಲಿ ತಪ್ಪಿದೆಯೋ ಅಲ್ಲಿ ಏನೋ ನಡೆದಿರುತ್ತದೆ: ಬರ, ಜಗಳ, ಸಾವು, ಇಲ್ಲವೇ ಹೇಳಿಕೊಳ್ಳಲಾಗದ ದಾನ. ಇಪ್ಪತ್ತೆರಡು ವರ್ಷ ಬೇಸರದಿಂದ ಕಲಿತದ್ದು ಈಗ ಕೈಗೆ ಬಂದಿದೆ.

ಕಳೆದ ತಿಂಗಳು ಅಜ್ಜನ ಪುಸ್ತಕವನ್ನು ಮಗಳಿಗೆ ತೋರಿಸಿ, ಆ ದೋಣಿಯ ಲೆಕ್ಕವನ್ನು ಓದಿ ಹೇಳಿದೆ. ಅವಳು ಕಾಗದ ಪೆನ್ನು ಕೇಳಲಿಲ್ಲ. “ನಷ್ಟ ಐವತ್ತು ರೂಪಾಯಿ. ನಷ್ಟವಿಲ್ಲದಂತೆ ಮಾರಬೇಕಾದರೆ ಮುಡಿಗೆ ಎಂಟು ರೂಪಾಯಿ” ಎಂದಳು. ಸ್ವಲ್ಪ ಯೋಚಿಸಿ, “ಆದರೆ ಆರು ರೂಪಾಯಿಯ ಅಕ್ಕಿಯನ್ನು ಎಂಟಕ್ಕೆ ಕೊಳ್ಳುವವರು ಯಾರು, ಅಪ್ಪಾ?” ಎಂದು ಕೇಳಿದಳು.

ಅಡಿಗೆಮನೆಯಲ್ಲಿ ಅವಳ ತಾಯಿ ನಾಳೆಯ ಶಾಲೆಗೆ ಬುತ್ತಿಯ ಸಿದ್ಧತೆ ಮಾಡುತ್ತಿದ್ದಳು. ಅಜ್ಜ ಆ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ. ನಾನೂ ಪುಸ್ತಕ ಮುಚ್ಚಿ, ಬುತ್ತಿ ಕಟ್ಟಲು ನೆರವಾಗಲು ಎದ್ದೆ.